ಮೊಬೈಲ್ ವಿಕಿರಣ ತಡೆಯುವ ‘ಚಿಪ್’: ಕೊಂಡು, ಅಂಟಿಸಿ, ಅಳೆದು ನೋಡಿದ ಮೇಲೆ

ಮೊಬೈಲ್ ಬಿಡಿಭಾಗಗಳ ಅಂಗಡಿಗಳಲ್ಲಿ, ಕೆಲವು ಔಷಧಿ ಅಂಗಡಿಗಳ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ, ಆನ್‌ಲೈನ್ ಮಾರಾಟ ತಾಣಗಳಲ್ಲಿ ‘ಆ್ಯಂಟಿ ರೇಡಿಯೇಷನ್ ಚಿಪ್’ ಎಂಬ ಅಂಟುಪಟ್ಟಿ ಕೆಲವು ವರ್ಷಗಳಿಂದ ಮಾರಾಟವಾಗುತ್ತಿದೆ. ಶಿವಮೊಗ್ಗದ ಒಂದು ಅಂಗಡಿಯಲ್ಲಿ ನಾನು ಕೊಂಡ ಚಿಪ್ಪಿಗೆ 699 ರೂಪಾಯಿ ಬೆಲೆ. ಮೊಬೈಲಿನ ಬೆನ್ನಿಗೆ ಇದನ್ನು ಅಂಟಿಸಿಕೊಂಡರೆ ಮಿದುಳಿಗೆ, ಹೃದಯಕ್ಕೆ, ಗರ್ಭದಲ್ಲಿರುವ ಮಗುವಿಗೆ ಫೋನಿನ ವಿಕಿರಣದಿಂದ ರಕ್ಷಣೆ ದೊರೆಯುತ್ತದೆ ಎಂದು ಅದರ ಪೊಟ್ಟಣ ಹೇಳುತ್ತದೆ. ನನ್ನ ಸಂಬಂಧಿಕರ ಮನೆಯ ಪಕ್ಕದ ಕಟ್ಟಡದ ಮೇಲೆ ಟವರ್ ಬಂದ ಮೇಲೆ, ಬಸುರಿ ಸೊಸೆಯ ಚಿಂತೆಯಿಂದ ಆ ಮನೆಯವರು ಎಲ್ಲ ಫೋನುಗಳಿಗೂ ಇಂಥ ಚಿಪ್ ಅಂಟಿಸಿಕೊಂಡರು. ಸಾಲದೆಂದು ಟಿವಿಗೂ ವೈಫೈ ಪೆಟ್ಟಿಗೆಗೂ ಒಂದೊಂದನ್ನು ಅಂಟಿಸಿದರು. ಅವರ ಆತಂಕ ನಿಜವಾದದ್ದು. ಅದಕ್ಕೆ ಗೌರವದಿಂದ ಉತ್ತರ ಕೊಡಬೇಕಾದದ್ದೂ ನಿಜ. ಈ ವಸ್ತು ಆ ಉತ್ತರ ಹೌದೇ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಮೊದಲು ವಸ್ತುವಿನ ವಿಚಾರ. ಚಿಪ್ ಒಂದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು. ಮೇಲೆ ಚಿನ್ನದ ಬಣ್ಣದಲ್ಲಿ ಒಂದರೊಳಗೊಂದು ವೃತ್ತಗಳು, ನಡುವೆ ಕಮಲದಂತಹ ಒಂದು ಆಕೃತಿ. ಮುದ್ರಣ ಅಚ್ಚುಕಟ್ಟಾಗಿದೆ, ಅಂಟು ಗಟ್ಟಿಯಾಗಿದೆ. ಒಂದನ್ನು ಬ್ಲೇಡಿನಿಂದ ಪದರ ಪದರವಾಗಿ ಬಿಡಿಸಿದಾಗ ಪಾರದರ್ಶಕ ಪ್ಲಾಸ್ಟಿಕ್, ಬಣ್ಣ ಬಳಿದ ಕಾಗದ, ಕೂದಲೆಳೆಯಷ್ಟು ತೆಳುವಾದ ಒಂದು ಲೋಹದ ಹಾಳೆ, ಕೊನೆಯಲ್ಲಿ ಅಂಟು ಸಿಕ್ಕಿದವು. ಚಿಪ್ ಎಂದು ಕರೆಯಬಹುದಾದ ಯಾವ ಎಲೆಕ್ಟ್ರಾನಿಕ್ ಭಾಗವೂ ಅದರೊಳಗೆ ಇರಲಿಲ್ಲ. ಪೊಟ್ಟಣದ ಮೇಲೆ ‘ಪ್ರಯೋಗಾಲಯದಲ್ಲಿ ಪರೀಕ್ಷಿತ’ ಎಂದಿದೆ, ಪ್ರಯೋಗಾಲಯದ ಹೆಸರಿಲ್ಲ. ‘ಪ್ರಮಾಣೀಕೃತ’ ಎಂದಿದೆ, ಪ್ರಮಾಣಪತ್ರದ ಸಂಖ್ಯೆಯಿಲ್ಲ. ತಯಾರಕರ ವಿಳಾಸವೂ ಪೂರ್ಣವಾಗಿಲ್ಲ.

ಪೊಟ್ಟಣದ ಮೇಲಿರುವ ಎರಡು ಸಾಲುಗಳನ್ನು ಒಟ್ಟಿಗೆ ಓದಬೇಕು. ಒಂದು ಸಾಲು, ಹಾನಿಕಾರಕ ವಿಕಿರಣವನ್ನು ಶೇ 99ರಷ್ಟು ತಟಸ್ಥಗೊಳಿಸುತ್ತದೆ ಎನ್ನುತ್ತದೆ. ಅದರ ಕೆಳಗಿನ ಸಾಲು, ಸಿಗ್ನಲ್‌ಗೆ ಯಾವುದೇ ಅಡ್ಡಿಯಾಗುವುದಿಲ್ಲ ಎನ್ನುತ್ತದೆ. ಆದರೆ ಫೋನಿನಿಂದ ಹೊರಡುವ ವಿಕಿರಣ ಬೇರೆ, ಸಿಗ್ನಲ್ ಬೇರೆ ಅಲ್ಲ. ನಮ್ಮ ಮಾತನ್ನೂ ಚಿತ್ರಗಳನ್ನೂ ಹೊತ್ತು ಟವರಿನವರೆಗೆ ಹೋಗುವ ರೇಡಿಯೋ ಅಲೆಯೇ ಆ ವಿಕಿರಣ. ಅದರಲ್ಲಿ ಹಾನಿಕರ ಪಾಲೊಂದು, ಉಪಯುಕ್ತ ಪಾಲೊಂದು ಎಂದು ಬೇರ್ಪಡಿಸಲು ಬರುವುದಿಲ್ಲ. ಹಾಗಾಗಿ ಮೊದಲ ಸಾಲು ನಿಜವಾದರೆ ಎರಡನೆಯದು ಸುಳ್ಳಾಗಲೇಬೇಕು, ಎರಡನೆಯದು ನಿಜವಾದರೆ ಮೊದಲನೆಯದು ಸುಳ್ಳು. ಯಾವುದು ನಿಜ ಎಂದು ತಿಳಿಯಲು ದೊಡ್ಡ ಉಪಕರಣವೂ ಬೇಕಿಲ್ಲ.

ಬಹುತೇಕ ಆ್ಯಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ‘ಸಿಮ್ ಸ್ಟೇಟಸ್’ ಎಂಬಲ್ಲಿ ಸಿಗ್ನಲ್ ಬಲವನ್ನು ಡಿಬಿಎಂ ಎಂಬ ಮಾನದಲ್ಲಿ ನೋಡಬಹುದು. ಶೇ 99ರಷ್ಟು ತಡೆಯಾಗುವುದೆಂದರೆ ನೂರರಲ್ಲಿ ಒಂದು ಪಾಲು ಮಾತ್ರ ಉಳಿಯುವುದು, ಅಂದರೆ ಆ ಮಾನದಲ್ಲಿ 20 ಅಂಕಿಯ (20 ಡೆಸಿಬೆಲ್) ಇಳಿತ. ಆಂಟೆನಾ ಕಳಿಸುವ ದಾರಿಯಲ್ಲಿ ಇಷ್ಟು ದೊಡ್ಡ ತಡೆ ಒಡ್ಡುವ ಹೊದಿಕೆ ಅದು ಪಡೆಯುವ ದಾರಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ತಡೆಯನ್ನು ಒಡ್ಡುತ್ತದೆ. ಹಾಗಿದ್ದರೆ ಚಿಪ್ ಅಂಟಿಸಿದ ಕೂಡಲೇ ಮೈನಸ್ 90ರ ಆಸುಪಾಸಿನಲ್ಲಿರುವ ಅಂಕಿ ಮೈನಸ್ 110ಕ್ಕೆ ಕುಸಿಯಬೇಕು. ನನ್ನ ಮೇಜಿನ ಮೇಲೆ, ಫೋನನ್ನು ಕದಲಿಸದೆ, ಚಿಪ್ ಇಲ್ಲದೆಯೂ ಚಿಪ್ ಅಂಟಿಸಿಯೂ ನೋಡಿದಾಗ ಅಂಕಿ ಮೈನಸ್ 88 ಮತ್ತು 93ರ ನಡುವೆ ಎಂದಿನಂತೆ ಓಲಾಡುತ್ತಿತ್ತೇ ಹೊರತು ಕುಸಿಯಲಿಲ್ಲ. ಅದೇ ಫೋನನ್ನು ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯಲ್ಲಿ ಪರದೆಯ ಒಂದು ಮೂಲೆ ಮಾತ್ರ ಕಾಣುವಂತೆ ಸುತ್ತಿದಾಗ ಅಂಕಿ ಕಣ್ಣೆದುರೇ ಇಳಿಯಿತು. ಲೋಹ ಅಲೆಯನ್ನು ತಡೆಯಬಲ್ಲದು, ಆದರೆ ಅದಕ್ಕೆ ಫೋನನ್ನು ಹೆಚ್ಚುಕಡಿಮೆ ಪೂರ್ತಿ ಮುಚ್ಚಬೇಕು. ಈಗಿನ ಫೋನುಗಳ ಆಂಟೆನಾಗಳು ಅಂಚಿನಲ್ಲಿ, ಮುಖ್ಯವಾಗಿ ಕೆಳಗಿನ ಮತ್ತು ಮೇಲಿನ ಅಂಚಿನಲ್ಲಿ ಇರುತ್ತವೆ. ಬೆನ್ನಿನ ನಡುವೆ, ಬ್ಯಾಟರಿಯ ಮೇಲೆ ಕೂರುವ ಈ ಪಟ್ಟಿ ಆಂಟೆನಾದ ಹತ್ತಿರವೂ ಹೋಗುವುದಿಲ್ಲ.

ಒಂದು ಪಟ್ಟಿ ನಿಜಕ್ಕೂ ಅಲೆಯನ್ನು ತಡೆಯುವಂಥದ್ದಾಗಿದ್ದರೆ ಪರಿಸ್ಥಿತಿ ಇನ್ನಷ್ಟು ಕೆಡುತ್ತಿತ್ತು. ಮೊಬೈಲ್ ಫೋನ್ ಸದಾ ಒಂದೇ ಶಕ್ತಿಯಲ್ಲಿ ಅಲೆ ಹೊರಡಿಸುವ ಯಂತ್ರವಲ್ಲ. ಟವರ್ ಹತ್ತಿರವಿದ್ದು ಸಂಪರ್ಕ ಚೆನ್ನಾಗಿದ್ದರೆ ಅದು ತನ್ನ ಶಕ್ತಿಯನ್ನು ಬಹಳ ತಗ್ಗಿಸಿಕೊಳ್ಳುತ್ತದೆ. ಸಂಪರ್ಕ ಕ್ಷೀಣವಾದರೆ ಏರಿಸಿಕೊಳ್ಳುತ್ತದೆ. 4ಜಿ ಫೋನಿನ ಗರಿಷ್ಠ ಶಕ್ತಿ ಸಾಮಾನ್ಯವಾಗಿ ಸುಮಾರು 0.2 ವ್ಯಾಟ್, ಒಳ್ಳೆಯ ಸಂಪರ್ಕವಿರುವಲ್ಲಿ ಅದರ ಚಿಕ್ಕದೊಂದು ಪಾಲಿನಲ್ಲೇ ಕೆಲಸ ನಡೆಯುತ್ತದೆ. ಆಂಟೆನಾಗೆ ಅಡ್ಡ ಹಾಕಿದರೆ ಫೋನ್ ಸಂಪರ್ಕ ಕೆಟ್ಟಿದೆ ಎಂದು ಭಾವಿಸಿ ಶಕ್ತಿ ಹೆಚ್ಚಿಸುತ್ತದೆ, ಬ್ಯಾಟರಿ ಬೇಗ ಬರಿದಾಗುತ್ತದೆ, ಕಿವಿಯ ಪಕ್ಕದಲ್ಲಿ ಹೊರಡುವ ಅಲೆ ಇನ್ನಷ್ಟು ಪ್ರಬಲವಾಗುತ್ತದೆ. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಇದೇ ಎಚ್ಚರಿಕೆಯನ್ನು ಗ್ರಾಹಕರಿಗೆ ನೀಡಿದೆ. ಇಂಥ ಪಟ್ಟಿಗಳನ್ನು ಮಾರುತ್ತಿದ್ದ ಎರಡು ಕಂಪನಿಗಳ ಮೇಲೆ 2002ರಲ್ಲೇ ಸುಳ್ಳು ಪ್ರಚಾರದ ದಾವೆ ಹೂಡಿದ್ದೂ ಅದೇ ಸಂಸ್ಥೆ. ಇಪ್ಪತ್ತು ವರ್ಷಕ್ಕೂ ಹಿಂದೆ ಅಲ್ಲಿ ಬಯಲಾದ ಸರಕು ಇಂದು ನಮ್ಮ ಜಿಲ್ಲಾ ಕೇಂದ್ರಗಳ ಅಂಗಡಿಗಳಲ್ಲಿ ಹೊಸ ಆವಿಷ್ಕಾರವೆಂದು ಮಾರಾಟವಾಗುತ್ತಿದೆ ಎಂಬುದು ನನಗೆ ಬಹಳ ನೋವಿನ ಸಂಗತಿ.

ಹಾಗಿದ್ದರೂ ಇಷ್ಟೊಂದು ಜನ ನಂಬುವುದು ಏಕೆ? ಅಂಗಡಿಯವರು ಕೊಡುವ ಪ್ರಾತ್ಯಕ್ಷಿಕೆಯನ್ನು ನೋಡಿದವರಿಗೆ ಅದು ಅರ್ಥವಾಗುತ್ತದೆ. ಮಾರಾಟಗಾರರು ನಿಮ್ಮದೇ ಫೋನಿನಿಂದ ಒಂದು ಕರೆ ಮಾಡಿಸುತ್ತಾರೆ. ಅಂಗೈಯಲ್ಲಿ ಹಿಡಿಯುವ ಒಂದು ಮೀಟರನ್ನು ಫೋನಿನ ಹತ್ತಿರ ತರುತ್ತಾರೆ. ಕೆಂಪು ದೀಪ ಹೊತ್ತಿಕೊಂಡು ಮೀಟರ್ ಕಿರುಗುಟ್ಟುತ್ತದೆ. ಕರೆ ಸಾಗುತ್ತಿರುವಾಗಲೇ ಚಿಪ್ ಅಂಟಿಸುತ್ತಾರೆ. ದೀಪ ಹಳದಿಗೆ, ಬಳಿಕ ಹಸಿರಿಗೆ ಇಳಿಯುತ್ತದೆ, ಶಬ್ದ ನಿಲ್ಲುತ್ತದೆ. ಕಣ್ಣಾರೆ ಕಂಡದ್ದನ್ನು ಸುಳ್ಳು ಎನ್ನುವುದು ಯಾರಿಗೂ ಸುಲಭವಲ್ಲ. ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ಗೆಳೆಯರೊಬ್ಬರ ಬಳಿಯಿದ್ದ ರೇಡಿಯೋ ಅಲೆಯ ಮೀಟರಿನಲ್ಲಿ ಇದೇ ಪ್ರಾತ್ಯಕ್ಷಿಕೆಯನ್ನು ನಾವು ಮನೆಯಲ್ಲಿ ನಡೆಸಿದೆವು, ಆದರೆ ಚಿಪ್ ಇಲ್ಲದೆ. ಕರೆ ಹೋಗುತ್ತಿರುವಾಗ ಅಂಕಿ ಏರಿತು. ಆ ಕಡೆಯವರು ಕರೆ ತೆಗೆದುಕೊಂಡು ಸ್ವಲ್ಪ ಹೊತ್ತಾಗುವಷ್ಟರಲ್ಲಿ ತಾನಾಗಿಯೇ ಇಳಿಯಿತು. ಬಳಿಕ ಚಿಪ್ ಅಂಟಿಸಿ, ಕರೆಯನ್ನು ಕಡಿದು ಹೊಸದಾಗಿ ಡಯಲ್ ಮಾಡಿದೆವು. ಅಂಕಿ ಮೊದಲಿನಷ್ಟೇ ಎತ್ತರಕ್ಕೆ ಏರಿ, ಮೊದಲಿನಂತೆಯೇ ಇಳಿಯಿತು.

ಕಾರಣ ಸರಳ. ಸಂಪರ್ಕ ಕುದುರಿಸುವ ಮೊದಲ ಕ್ಷಣಗಳಲ್ಲಿ ಫೋನ್ ಹೆಚ್ಚು ಶಕ್ತಿ ಬಳಸುತ್ತದೆ, ಸಂಪರ್ಕ ಸಿಕ್ಕ ಮೇಲೆ ಟವರಿನ ಸೂಚನೆಯಂತೆ ತಗ್ಗಿಸಿಕೊಳ್ಳುತ್ತದೆ, ನಾವು ಸುಮ್ಮನಿದ್ದಾಗ ಇನ್ನೂ ಕಡಿಮೆ ಕಳಿಸುತ್ತದೆ. ಪ್ರಾತ್ಯಕ್ಷಿಕೆ ಕಾಣುವಂತೆ ಮಾಡುವುದು ಫೋನಿನ ಈ ಸಹಜ ನಡೆಯನ್ನೇ. ಚಿಪ್ಪಿಗೂ ಅದಕ್ಕೂ ಸಂಬಂಧವಿಲ್ಲ. ಯಾರಾದರೂ ಅಂಗಡಿಯಲ್ಲಿ ಇದನ್ನು ತೋರಿಸಿದರೆ, ಚಿಪ್ ಅಂಟಿಸಿದ ಮೇಲೆ ಕರೆಯನ್ನು ಕಡಿದು ಮತ್ತೆ ಡಯಲ್ ಮಾಡಿ ತೋರಿಸಿ ಎಂದು ಕೇಳಬೇಕು. ಮೀಟರ್ ಯಾವುದು ಎಂಬುದನ್ನೂ ಕೇಳಬೇಕು. ಅಗ್ಗದ ಮೀಟರುಗಳಲ್ಲಿ ಹಲವು ಮನೆಯ 50 ಹರ್ಟ್ಸ್ ವಿದ್ಯುತ್ತಿನ ಕಾಂತಕ್ಷೇತ್ರವನ್ನು ಅಳೆಯುವಂಥವು. ಫ್ರಿಜ್ಜಿನ ಹಿಂದೆ ಹಿಡಿದರೂ ಅವು ಕೆಂಪಾಗುತ್ತವೆ. ಅವುಗಳಿಂದ ಮೊಬೈಲ್ ಅಲೆಯ ಬಗ್ಗೆ ಏನೂ ತಿಳಿಯುವುದಿಲ್ಲ.

ಆ ಸಂಜೆಯ ಅಳತೆಗಳಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೊಂದು. ಮೀಟರನ್ನು ಫೋನಿಗೆ ತಾಗಿಸಿ ಹಿಡಿದಾಗ ಕಂಡ ಅಂಕಿ, ಒಂದು ಮೊಳ ದೂರ ಸರಿಸಿದೊಡನೆ ತೀರಾ ಸಣ್ಣದಾಯಿತು. ದೂರ ಹೆಚ್ಚಿದಂತೆ ಅಲೆಯ ತೀವ್ರತೆ ಎಷ್ಟು ಬೇಗ ಕುಗ್ಗುತ್ತದೆಂದರೆ, ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಡುವುದು ಅಥವಾ ತಂತಿಯ ಇಯರ್‌ಫೋನ್ ಬಳಸುವುದು ಈ ಚಿಪ್ ಸುಳ್ಳಾಗಿ ಹೇಳಿಕೊಳ್ಳುವ ಕೆಲಸವನ್ನು ನಿಜವಾಗಿ ಮಾಡುತ್ತದೆ, ಅದೂ ಹೆಚ್ಚಿನ ಖರ್ಚಿಲ್ಲದೆ. ಭಾರತ ಸರ್ಕಾರದ ದೂರಸಂಪರ್ಕ ಇಲಾಖೆ ಮುಂಜಾಗ್ರತೆಯಾಗಿ ಹೇಳಿರುವುದೂ ಇದನ್ನೇ. ನಮ್ಮಲ್ಲಿ ಮಾರುವ ಪ್ರತಿ ಫೋನೂ ತಲೆಗೆ ತಾಗಿಸಿ ಹಿಡಿದಾಗ ಅಂಗಾಂಶ ಹೀರಿಕೊಳ್ಳುವ ಶಕ್ತಿಯ ಮಿತಿಗೆ, ಅಂದರೆ ‘ಎಸ್‌ಎಆರ್’ ಮಿತಿಗೆ, ಒಳಪಟ್ಟಿರಬೇಕು. ಆ ಮಿತಿ ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಕಿಲೋಗ್ರಾಂಗೆ 1.6 ವ್ಯಾಟ್, 2012ರ ಸೆಪ್ಟೆಂಬರ್ 1ರಿಂದ ಹೊಸ ಮಾದರಿಗಳಿಗೆ ಇದು ಅನ್ವಯವಾಗುತ್ತಿದೆ. ಫೋನಿನ ಡಯಲ್ ಪ್ಯಾಡಿನಲ್ಲಿ ಸ್ಟಾರ್, ಹ್ಯಾಶ್, 07, ಹ್ಯಾಶ್ ಎಂದು ಒತ್ತಿದರೆ ಬಹಳಷ್ಟು ಫೋನುಗಳಲ್ಲಿ ಈ ಅಂಕಿ ಪರದೆಯ ಮೇಲೆ ಬರುತ್ತದೆ. ಅದು ಗರಿಷ್ಠ ಶಕ್ತಿಯಲ್ಲಿ ಅಳೆದ ಅಂಕಿ. ದಿನನಿತ್ಯದ ಬಳಕೆಯಲ್ಲಿ ನಮ್ಮ ದೇಹ ಪಡೆಯುವುದು ಅದಕ್ಕಿಂತ ಕಡಿಮೆ. ಹಾಗಾಗಿ 0.9 ಮತ್ತು 1.1ರ ನಡುವಿನ ವ್ಯತ್ಯಾಸ ನೋಡಿ ಫೋನ್ ಆರಿಸುವುದರಲ್ಲಿ ನನಗೆ ಹೆಚ್ಚಿನ ಅರ್ಥ ಕಾಣುವುದಿಲ್ಲ.

ಈಗ ಆರೋಗ್ಯದ ಪ್ರಶ್ನೆ. ಚಿಪ್ ಮಾರುವವರು ಕೈಗೆ ಕೊಡುವ ಕರಪತ್ರದಲ್ಲಿ ‘ವಿಶ್ವ ಆರೋಗ್ಯ ಸಂಸ್ಥೆಯೇ ಕ್ಯಾನ್ಸರ್‌ಕಾರಕ ಎಂದಿದೆ’ ಎಂಬ ಮಾತು ದಪ್ಪಕ್ಷರದಲ್ಲಿದೆ. ನಡೆದದ್ದು ಹೀಗೆ: ಆ ಸಂಸ್ಥೆಯ ಅಂಗವಾದ, ಫ್ರಾನ್ಸಿನ ಲಿಯೋನ್ ನಗರದಲ್ಲಿರುವ ಕ್ಯಾನ್ಸರ್ ಸಂಶೋಧನಾ ಏಜೆನ್ಸಿಯು 2011ರ ಮೇ ತಿಂಗಳಲ್ಲಿ ರೇಡಿಯೋ ಅಲೆಗಳನ್ನು ‘2ಬಿ’ ಗುಂಪಿಗೆ, ಅಂದರೆ ಕ್ಯಾನ್ಸರ್ ಉಂಟುಮಾಡುವ ಸಾಧ್ಯತೆಯನ್ನು ತಳ್ಳಿಹಾಕಲಾಗದ ಗುಂಪಿಗೆ ಸೇರಿಸಿತು. ಲೋಳೆಸರದ ಇಡೀ ಎಲೆಯ ಸಾರವೂ ಏಷ್ಯಾದ ಸಾಂಪ್ರದಾಯಿಕ ತರಕಾರಿ ಉಪ್ಪಿನಕಾಯಿಯೂ ಇದೇ ಗುಂಪಿನಲ್ಲಿವೆ. ತಂಬಾಕು ಇರುವುದು ಮೊದಲನೆಯ ಗುಂಪಿನಲ್ಲಿ, ಅಂದರೆ ಕ್ಯಾನ್ಸರ್ ತರುವುದು ಖಚಿತವಾದವುಗಳ ಗುಂಪಿನಲ್ಲಿ. ಸಾಕ್ಷ್ಯ ಸೀಮಿತವಾಗಿದೆ, ಇನ್ನೂ ಅಧ್ಯಯನ ಬೇಕು ಎಂಬುದು ಆ ನಿರ್ಧಾರದ ಅರ್ಥ. ಹದಿಮೂರು ದೇಶಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ‘ಇಂಟರ್‌ಫೋನ್’ ಅಧ್ಯಯನ ಅದರ ಹಿಂದಿತ್ತು. ಅದರಲ್ಲಿ ಒಟ್ಟು 1,640 ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಮಾತನಾಡಿದ್ದಾಗಿ ಹೇಳಿದ ಗುಂಪಿನಲ್ಲಿ ಮಿದುಳಿನ ಒಂದು ಬಗೆಯ ಗಡ್ಡೆ ಹೆಚ್ಚಾಗಿ ಕಂಡಿತ್ತು. ಆದರೆ ಕಾಯಿಲೆ ಬಂದವರನ್ನು ನೀವು ಹಿಂದೆ ಎಷ್ಟು ಮಾತನಾಡಿದ್ದಿರಿ ಎಂದು ಕೇಳಿ ಪಡೆದ ಉತ್ತರಗಳು ಎಷ್ಟರಮಟ್ಟಿಗೆ ನಿಖರ ಎಂಬ ಸಂದೇಹವನ್ನು ಆ ಸಂಶೋಧಕರೇ ಬರೆದಿದ್ದರು.

ಆ ಬಳಿಕ ಸಾಕ್ಷ್ಯ ಬೆಳೆದಿದೆ, ಆ ಭಾಗ ಕರಪತ್ರದಲ್ಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೇ ಬಯಸಿ ಮಾಡಿಸಿದ, 2024ರಲ್ಲಿ ಪ್ರಕಟವಾದ ಪರಾಮರ್ಶೆಯು 1994ರಿಂದ 2022ರವರೆಗಿನ 63 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿ, ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ನಂಟು ಕಾಣುವುದಿಲ್ಲ ಎಂದಿತು. ಹತ್ತು ವರ್ಷಕ್ಕೂ ಹೆಚ್ಚು ಬಳಸಿದವರಲ್ಲೂ ಕಾಣಲಿಲ್ಲ. ಟವರುಗಳಂತಹ ಸ್ಥಿರ ಪ್ರಸಾರಕಗಳಿಂದ ಮಕ್ಕಳ ರಕ್ತಕ್ಯಾನ್ಸರ್ ಹೆಚ್ಚುವ ಸಂಭವವಿಲ್ಲವೆಂದೂ ಅದು ಸಾಧಾರಣ ಖಚಿತತೆಯಿಂದ ಹೇಳಿತು. ಯುರೋಪಿನ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ‘ಕಾಸ್ಮಾಸ್’ ಅಧ್ಯಯನವೂ ಅದೇ ವರ್ಷ ಇಂಥದ್ದೇ ಫಲಿತಾಂಶ ನೀಡಿತು. ಮೊಬೈಲ್ ಬಳಕೆ ಜಗತ್ತಿನಾದ್ಯಂತ ಇಷ್ಟು ಏರಿದ ದಶಕಗಳಲ್ಲಿ ಮಿದುಳಿನ ಕ್ಯಾನ್ಸರ್ ಪ್ರಮಾಣ ಅದಕ್ಕೆ ತಕ್ಕಂತೆ ಏರಿಲ್ಲ ಎಂಬುದು ನನಗೆ ಎಲ್ಲಕ್ಕಿಂತ ದೊಡ್ಡ ಸಮಾಧಾನ.

ಪ್ರಾಮಾಣಿಕವಾಗಿ ಇನ್ನೊಂದು ಬದಿಯನ್ನೂ ಹೇಳಬೇಕು. ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮದವರು ಎರಡು ವರ್ಷ, ದಿನಕ್ಕೆ ಒಂಬತ್ತು ಗಂಟೆ ಇಲಿಗಳ ಇಡೀ ದೇಹವನ್ನು ಪ್ರಬಲ ಅಲೆಗೆ ಒಡ್ಡಿ, 2018ರಲ್ಲಿ ಗಂಡು ಇಲಿಗಳ ಹೃದಯದಲ್ಲಿ ಒಂದು ಬಗೆಯ ಗಡ್ಡೆ ಹೆಚ್ಚಿದ್ದನ್ನು ವರದಿ ಮಾಡಿದರು. ಅದೇ ಪ್ರಯೋಗದಲ್ಲಿ ಅಲೆಗೆ ಒಡ್ಡಿದ ಗಂಡು ಇಲಿಗಳು ಒಡ್ಡದವುಗಳಿಗಿಂತ ಹೆಚ್ಚು ಕಾಲ ಬದುಕಿದ್ದವು. ಇಲಿಗಳಿಗೆ ಕೊಟ್ಟ ಪ್ರಮಾಣ ನಮ್ಮ ಬಳಕೆಗಿಂತ ಬಹಳ ಹೆಚ್ಚಿನದು, ಆದರೂ ಅದನ್ನು ಬದಿಗೊತ್ತುವಂತಿಲ್ಲ. ರೇಡಿಯೋ ಅಲೆಗಳ ವರ್ಗೀಕರಣವನ್ನು ಆದ್ಯತೆಯಲ್ಲಿ ಮರುಪರಿಶೀಲಿಸಬೇಕೆಂದು ಲಿಯೋನಿನ ಏಜೆನ್ಸಿಗೆ ಅದರ ಸಲಹಾ ಸಮಿತಿ 2019ರಲ್ಲಿ ಶಿಫಾರಸು ಮಾಡಿದೆ. ಈ ಅಲೆಗಳು ಎಕ್ಸ್‌ರೇಯಂತೆ ಅಣುಗಳನ್ನು ಒಡೆಯಲಾರವು. 900 ಮೆಗಾಹರ್ಟ್ಸ್ ಅಲೆಯ ಒಂದು ಫೋಟಾನಿನ, ಅಂದರೆ ಅಲೆಯ ಅತಿ ಚಿಕ್ಕ ಕಂತಿನ, ಶಕ್ತಿ ಒಂದು ಎಲೆಕ್ಟ್ರಾನ್‌ವೋಲ್ಟಿನ (ಅಣುಗಳ ಮಟ್ಟದಲ್ಲಿ ಶಕ್ತಿಯನ್ನು ಅಳೆಯುವ ಮಾನ) ಹತ್ತು ಲಕ್ಷದಲ್ಲಿ ಸುಮಾರು ನಾಲ್ಕು ಪಾಲು, ರಾಸಾಯನಿಕ ಬಂಧ ಮುರಿಯಲು ಬೇಕಾಗುವುದು ಹಲವು ಎಲೆಕ್ಟ್ರಾನ್‌ವೋಲ್ಟ್. ಖಚಿತವಾಗಿ ಸಾಬೀತಾಗಿರುವ ಪರಿಣಾಮ ಅಂಗಾಂಶ ಸ್ವಲ್ಪ ಬಿಸಿಯಾಗುವುದು. ಮಿತಿಗಳನ್ನು ನಿಗದಿ ಮಾಡಿರುವುದೂ ಆ ಬಿಸಿಯನ್ನು ಲೆಕ್ಕಕ್ಕೆ ಹಿಡಿದೇ. ಅಧ್ಯಯನ ಮುಂದುವರಿಯಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಹಾಗೆಂದು, ಅಧ್ಯಯನ ಮುಗಿದಿಲ್ಲ ಎಂಬ ಕಾರಣಕ್ಕೆ ಏನನ್ನೂ ಮಾಡದ ವಸ್ತುವೊಂದಕ್ಕೆ ಬೆಲೆ ಬರುವುದಿಲ್ಲ.

ಇದೇ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಚಿಪ್ಪಿನ ಜೊತೆಗೆ ಕೊರಳಿಗೆ ಹಾಕಿಕೊಳ್ಳುವ ಕಪ್ಪು ಪದಕಗಳೂ ಇದ್ದವು. ಇವುಗಳ ಬಗ್ಗೆ ಚಿಪ್ಪಿಗಿಂತ ಕಟುವಾಗಿ ಎಚ್ಚರಿಸುವುದು ಅಗತ್ಯ. ‘ಸ್ಕೇಲಾರ್ ಎನರ್ಜಿ’, ‘ಕ್ವಾಂಟಮ್’ ಎಂಬ ಹೆಸರುಗಳಲ್ಲಿ ಬರುವ ಇಂಥ ಕೆಲವು ಪದಕಗಳಲ್ಲಿ ಜ್ವಾಲಾಮುಖಿಯ ಖನಿಜ ಎಂದು ಹೇಳಿ ಬೆರೆಸಿದ ಪುಡಿಯಲ್ಲಿ ಥೋರಿಯಂ ಮತ್ತು ಯುರೇನಿಯಂ ಪತ್ತೆಯಾಗಿವೆ. ನೆದರ್ಲೆಂಡ್ಸಿನ ಪರಮಾಣು ಸುರಕ್ಷತೆ ಮತ್ತು ವಿಕಿರಣ ರಕ್ಷಣಾ ಪ್ರಾಧಿಕಾರ 2021ರ ಡಿಸೆಂಬರಿನಲ್ಲಿ, 5ಜಿಯಿಂದ ರಕ್ಷಿಸುತ್ತವೆ ಎಂದು ಮಾರಲಾಗುತ್ತಿದ್ದ ಹತ್ತು ವಸ್ತುಗಳು ಅಯಾನೀಕರಿಸುವ ವಿಕಿರಣ ಹೊರಸೂಸುತ್ತಿವೆ ಎಂದು ಪ್ರಕಟಿಸಿ, ಅವನ್ನು ಧರಿಸುವುದನ್ನು ಕೂಡಲೇ ನಿಲ್ಲಿಸಲು ಹೇಳಿತು. ಅವುಗಳಲ್ಲಿ ಪದಕ, ಕೈಬಳೆ, ನಿದ್ದೆ ಮಾಡುವಾಗ ಕಟ್ಟಿಕೊಳ್ಳುವ ಕಣ್ಣುಪಟ್ಟಿ ಎಲ್ಲವೂ ಇದ್ದವು. ಮೊಬೈಲಿನ ಅಲೆ ಮಾಡಲಾರದ್ದನ್ನು, ಅಂದರೆ ಜೀವಕೋಶದ ಡಿಎನ್‌ಎಯನ್ನು ಘಾಸಿಗೊಳಿಸುವುದನ್ನು, ಮಾಡಬಲ್ಲ ವಿಕಿರಣ ಅದು. ರಕ್ಷಣೆಯ ಹೆಸರಿನಲ್ಲಿ ಅದನ್ನು ವರ್ಷಗಟ್ಟಲೆ ಎದೆಯ ಮೇಲೆ ಧರಿಸುವುದು ಎಂದರೇನು ಎಂದು ಯೋಚಿಸಿದರೆ ಕಳವಳವಾಗುತ್ತದೆ. ಇಂಥ ಪದಕ ಮನೆಯಲ್ಲಿದ್ದರೆ, ಮುಖ್ಯವಾಗಿ ಮಕ್ಕಳ ಕೊರಳಲ್ಲಿದ್ದರೆ, ಇಂದೇ ತೆಗೆದಿಡಿ.

2020ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ಕಾಮಧೇನು ಆಯೋಗದ ಅಂದಿನ ಅಧ್ಯಕ್ಷರು ಸಗಣಿಯಿಂದ ಮಾಡಿದ ಚಿಪ್ಪೊಂದನ್ನು ಫೋನಿನ ವಿಕಿರಣ ತಗ್ಗಿಸುತ್ತದೆ ಎಂದು ಪರಿಚಯಿಸಿದಾಗ, ದೇಶದ ನೂರಾರು ವಿಜ್ಞಾನಿಗಳು ಅದಕ್ಕೆ ಆಧಾರವೇನೆಂದು ಬರೆದು ಕೇಳಿದ್ದರು. ಸಗಣಿಯ ಬೆಲೆ ಹೊಲಕ್ಕೆ ಏನೆಂದು ಬಲ್ಲವರ ನಾಡಿದು. ಅದರ ಗೌರವವನ್ನು ಉಳಿಸಿಕೊಳ್ಳುವುದಕ್ಕಾದರೂ ಅದರ ಮೇಲೆ ಇಲ್ಲದ ಗುಣವನ್ನು ಹೊರಿಸಬಾರದು.

ಟವರಿನ ಬಗ್ಗೆ ನನ್ನ ಸಂಬಂಧಿಕರಿಗೆ ಇದ್ದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ‘ತರಂಗ ಸಂಚಾರ’ ಎಂಬ ಸರ್ಕಾರಿ ಸೇವೆಯಿಂದ; ಈ ಪರಿಶೀಲನೆಯಲ್ಲಿ ನಾನು ಮನಸಾರೆ ಶಿಫಾರಸು ಮಾಡುವುದೂ ಅದನ್ನೇ. ದೂರಸಂಪರ್ಕ ಇಲಾಖೆ 2017ರ ಮೇ ತಿಂಗಳಲ್ಲಿ ಆರಂಭಿಸಿದ ಈ ಜಾಲತಾಣದಲ್ಲಿ ನಕ್ಷೆಯ ಮೇಲೆ ನಮ್ಮ ಊರು, ಬೀದಿಯನ್ನು ಹುಡುಕಿದರೆ ಸುತ್ತಲಿನ ಟವರುಗಳು ಕಾಣುತ್ತವೆ. ಯಾವುದು ಯಾವ ತಂತ್ರಜ್ಞಾನದ್ದು, ವಿಕಿರಣ ಮಿತಿಗೆ ಒಳಪಟ್ಟಿದೆಯೇ ಎಂಬ ವಿವರ ಕೇಳಿ ಪಡೆಯಬಹುದು. ಅಷ್ಟರಿಂದ ಸಮಾಧಾನವಾಗದಿದ್ದರೆ 4,000 ರೂಪಾಯಿ ಮತ್ತು ತೆರಿಗೆ ಕಟ್ಟಿ, ನಮಗೆ ಬೇಕಾದ ಜಾಗದಲ್ಲೇ ಅಳತೆ ಮಾಡಿಸಬಹುದು. ಇಲಾಖೆಯ ಪ್ರಾದೇಶಿಕ ಘಟಕದವರು ಉಪಕರಣದೊಂದಿಗೆ ಬಂದು ಅಳೆಯುತ್ತಾರೆ. ಮಿತಿ ಮೀರಿದ್ದು ಕಂಡರೆ ದಂಡ ವಿಧಿಸುವ ಅಧಿಕಾರ ಇಲಾಖೆಗಿದೆ.

ನಮ್ಮ ದೇಶದ ಮಿತಿಯ ಬಗ್ಗೆ ಒಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಟವರಿನ ಅಲೆಗೆ ಅಂತರರಾಷ್ಟ್ರೀಯ ಆಯೋಗವೊಂದು ನಿಗದಿ ಮಾಡಿದ ಮಿತಿಯನ್ನು ಬಹಳಷ್ಟು ದೇಶಗಳು ಹಾಗೆಯೇ ಒಪ್ಪಿಕೊಂಡಿದ್ದರೆ, ಭಾರತ 2012ರ ಸೆಪ್ಟೆಂಬರ್ 1ರಿಂದ ಅದರ ಹತ್ತರಲ್ಲಿ ಒಂದು ಪಾಲನ್ನು ತನ್ನ ಮಿತಿಯಾಗಿ ಇಟ್ಟುಕೊಂಡಿತು: 900 ಮೆಗಾಹರ್ಟ್ಸ್‌ನಲ್ಲಿ ಚದರ ಮೀಟರಿಗೆ 0.45 ವ್ಯಾಟ್, 1800ರಲ್ಲಿ 0.9 ವ್ಯಾಟ್. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾಹಿತಿಪತ್ರದ ಪ್ರಕಾರ ಟವರುಗಳ ಸುತ್ತ ಜನರಿರುವ ಜಾಗಗಳಲ್ಲಿ ಅಳೆದ ಪ್ರಮಾಣ ಅಂತರರಾಷ್ಟ್ರೀಯ ಮಿತಿಯ ಶೇ 0.002ರಿಂದ ಶೇ 2ರವರೆಗೆ ಇತ್ತು. ಆ ಪಟ್ಟಿಯ ಅತಿ ಹೆಚ್ಚಿನ ಅಂಕಿಯೂ ನಮ್ಮ ಮಿತಿಯ ಐದರಲ್ಲಿ ಒಂದು ಪಾಲಷ್ಟೇ ಆಗುತ್ತದೆ. ಟವರಿನ ಆಂಟೆನಾ ಅಲೆಯನ್ನು ಎಲ್ಲ ದಿಕ್ಕಿಗೂ ಸಮನಾಗಿ ಚೆಲ್ಲುವುದಿಲ್ಲ. ಬ್ಯಾಟರಿ ದೀಪದ ಬೆಳಕಿನಂತೆ ಮುಂದಕ್ಕೆ, ತುಸು ಕೆಳಮುಖವಾಗಿ ಕಳಿಸುತ್ತದೆ. ಹಾಗಾಗಿ ಆಂಟೆನಾದ ಕೆಳಗೇ ಇರುವ ಮನೆಗಳಿಗೆ ತಲುಪುವುದು ಬಹಳ ಸಲ ಸ್ವಲ್ಪವೇ. ಕಾಂಕ್ರೀಟ್ ಛಾವಣಿ ಅದನ್ನೂ ತಗ್ಗಿಸುತ್ತದೆ. ನೋಡಬೇಕಾದದ್ದು ಆಂಟೆನಾದ ಮುಖಕ್ಕೆ ನೇರವಾಗಿ, ಅದೇ ಎತ್ತರದಲ್ಲಿ, ಹತ್ತಿರದಲ್ಲೇ ಇರುವ ಮಹಡಿ ಮತ್ತು ತಾರಸಿಗಳನ್ನು. ಅಳತೆ ಮಾಡಿಸುವವರು ಅಲ್ಲಿ ಅಳೆಯಿರಿ ಎಂದು ಕೇಳಿಕೊಳ್ಳಬೇಕು.

ಈ ಸೇವೆಯಲ್ಲಿ ನನಗೆ ಒಪ್ಪಿಗೆಯಾಗದ ಒಂದು ಅಂಶವಿದೆ. ದಿನಗೂಲಿಯ ಕುಟುಂಬಕ್ಕೆ 4,000 ರೂಪಾಯಿ ದೊಡ್ಡ ಮೊತ್ತ. ಅಂಥ ಮನೆಯವರು ಏಳುನೂರು ರೂಪಾಯಿಯ ಚಿಪ್ಪಿನ ಕಡೆಗೆ ತಿರುಗುವುದಕ್ಕೆ ಇದೂ ಕಾರಣ. ಶಾಲೆ, ಅಂಗನವಾಡಿ, ಆಸ್ಪತ್ರೆಗಳ ಸುತ್ತಲಿನ ಅಳತೆಯನ್ನಾದರೂ ಉಚಿತವಾಗಿ ಮಾಡಿ, ಅಂಕಿಯನ್ನು ಗ್ರಾಮ ಪಂಚಾಯಿತಿಯ ಫಲಕದಲ್ಲಿ ಕನ್ನಡದಲ್ಲಿ ಹಾಕಬೇಕು. ನನ್ನ ಸಂಬಂಧಿಕರ ವಿಚಾರದಲ್ಲಿ ಪಕ್ಕದ ಟವರಿನ ಮುಖ ಅವರ ಮನೆಯ ಕಡೆಗೆ ಇರಲೇ ಇಲ್ಲ. ಅದು ಮಿತಿಗೆ ಒಳಪಟ್ಟಿತ್ತು. ಆದರೆ ಟವರಿನ ಡೀಸೆಲ್ ಜನರೇಟರಿನ ಹೊಗೆ ಅವರ ಮಲಗುವ ಕೋಣೆಯ ಕಿಟಕಿಗೆ ನೇರವಾಗಿ ಬರುತ್ತಿತ್ತು. ವಿಕಿರಣದ ಭಯದಲ್ಲಿ ಆ ಹೊಗೆಯ ಬಗ್ಗೆ ಯಾರೂ ದೂರು ಕೊಟ್ಟಿರಲಿಲ್ಲ. ಬಸುರಿ ಹೆಣ್ಣುಮಗಳಿಗೆ ಅದು ನಿಜವಾದ ತೊಂದರೆ, ಸ್ಥಳೀಯ ಸಂಸ್ಥೆಗೆ ಬರೆದು ಕೊಡಬೇಕಾದ ತೊಂದರೆ.

ಟವರನ್ನೇ ಊರಿಂದ ಓಡಿಸಿದರೆ ವಿಕಿರಣ ಕಡಿಮೆಯಾಗುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ತೀರ್ಥಹಳ್ಳಿ, ಹೊಸನಗರದ ಕಡೆಯ ಒಳಹಳ್ಳಿಗಳಲ್ಲಿ ಒಂದು ಗೆರೆ ಸಿಗ್ನಲ್ಲಿಗಾಗಿ ಗುಡ್ಡ ಹತ್ತುವವರ ಕಿವಿಯಲ್ಲಿರುವ ಫೋನ್ ತನ್ನ ಗರಿಷ್ಠ ಶಕ್ತಿಯ ಸಮೀಪದಲ್ಲಿ ಕೆಲಸ ಮಾಡುತ್ತಿರುತ್ತದೆ. ನಮ್ಮ ದೇಹಕ್ಕೆ ತಲುಪುವ ಅಲೆಯ ದೊಡ್ಡ ಪಾಲು ಕಿವಿಗೆ ಒತ್ತಿದ ಫೋನಿನದೇ ಆಗಿರುವುದರಿಂದ, ದೂರದ ಟವರಿಗಿಂತ ಹತ್ತಿರದ ಟವರ್ ಆ ಪಾಲನ್ನು ತಗ್ಗಿಸುತ್ತದೆ. ಗೆರೆ ಕಡಿಮೆಯಿರುವಲ್ಲಿ ದೀರ್ಘವಾಗಿ ಮಾತನಾಡದೆ ಸಂದೇಶ ಕಳಿಸುವುದು, ಬಸ್ಸು ಘಟ್ಟ ಇಳಿಯುವಾಗ ಕರೆಯನ್ನು ಮುಂದೂಡುವುದು ಈ ಚಿಪ್ಪಿಗಿಂತ ಉತ್ತಮ ರಕ್ಷಣೆ. ಪೇಸ್‌ಮೇಕರ್ ಅಳವಡಿಸಿಕೊಂಡ ಹಿರಿಯರು ಮಾತ್ರ ನಿಜಕ್ಕೂ ಎಚ್ಚರ ವಹಿಸಬೇಕು: ಫೋನ್ ಆ ಸಾಧನದಿಂದ ಕನಿಷ್ಠ 15 ಸೆಂಟಿಮೀಟರ್ ದೂರವಿರಬೇಕು, ಅಂಗಿಯ ಎಡಜೇಬಿನಲ್ಲಿ ಇರಕೂಡದು, ಸಾಧನವಿರುವ ಬದಿಗೆ ವಿರುದ್ಧ ಕಿವಿಯಲ್ಲಿ ಮಾತನಾಡಬೇಕು. ಚಿಪ್ ಅಂಟಿಸಿದ್ದೇವೆ ಎಂಬ ಧೈರ್ಯದಿಂದ ಎದೆಯ ಜೇಬಿನಲ್ಲಿ ಫೋನ್ ಇಡುವವರಿಗೆ ಅದು ಅಪಾಯ ತರಬಹುದು. ಈ ವಸ್ತುವಿನ ಬಗ್ಗೆ ನನ್ನ ಅತಿ ದೊಡ್ಡ ಆಕ್ಷೇಪ ಇದೇ.

ನಾನು ಚಿಪ್ಪನ್ನು ಹಿಂದಿರುಗಿಸಲು ಹೋದಾಗ ಅಂಗಡಿಯವರು ಪೊಟ್ಟಣ ಒಡೆದಿದೆ ಎಂದು ಹಣ ಕೊಡಲಿಲ್ಲ. ಬಿಲ್ಲನ್ನೂ ಅವರು ಮೊದಲು ಕೊಟ್ಟಿರಲಿಲ್ಲ, ಕೇಳಿ ಬರೆಸಿಕೊಂಡಿದ್ದೆ. ಈಗಾಗಲೇ ಕೊಂಡವರು ಬಿಲ್ಲನ್ನೂ ಹೇಳಿಕೆಗಳು ಅಚ್ಚಾಗಿರುವ ಪೊಟ್ಟಣವನ್ನೂ ಎಸೆಯಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ದಾರಿ ತಪ್ಪಿಸುವ ಜಾಹೀರಾತಿಗೆ ತಯಾರಕರ ಮೇಲೂ ಪ್ರಚಾರ ಮಾಡಿದವರ ಮೇಲೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ದೂರಿನಲ್ಲಿ ಪೊಟ್ಟಣದ ಆ ಎರಡು ಸಾಲುಗಳನ್ನು ಇದ್ದ ಹಾಗೆಯೇ ಬರೆದು, ಪರೀಕ್ಷೆ ನಡೆಸಿದ ಪ್ರಯೋಗಾಲಯದ ಹೆಸರನ್ನೂ ವರದಿಯ ಪ್ರತಿಯನ್ನೂ ತಯಾರಕರಿಂದ ಕೇಳಬೇಕೆಂದು ಸೇರಿಸಿ. ನಾನೂ ಹಾಗೆಯೇ ಬರೆದು ದೂರು ಕೊಟ್ಟಿದ್ದೇನೆ.